ಮನೋರಮಾ ಅವರು ಕಾರ್ಕಳ ತಲುಪಿದ್ದಾರೆ

ಮನೋರಮಾಳ ಎಡಗೈಗೆ ಆ ಕಪ್ಪು ಪಟ್ಟಿಯನ್ನು ಕಟ್ಟುತ್ತಾ ಸೌಮ್ಯಶ್ರೀ ಒಂದು ಪ್ರಶ್ನೆ ಕೇಳಿದಳು. ಇಷ್ಟೆಲ್ಲ ಆದದ್ದು ಆ ಒಂದು ಪ್ರಶ್ನೆಯಿಂದ. ಕೇಳಬಾರದ್ದನ್ನೇನೂ ಅವಳು ಕೇಳಿರಲಿಲ್ಲ, ಪಾಪ.

"ಜೊತೆಗಾರರು ಅಂತ ಒಬ್ಬರ ಫೋನ್ ನಂಬರ್ ಬೇಕು ಮನೋರಮಕ್ಕ. ನಿಮ್ಮವರು ಯಾರಾದರೂ ಆದೀತು."

ಮಣಿಪಾಲದ ಆ ದೊಡ್ಡ ಆಸ್ಪತ್ರೆಯ ನಾಲ್ಕನೆಯ ಮಾಳಿಗೆಯಲ್ಲಿ ಸೌಮ್ಯಶ್ರೀ ಫಿಸಿಯೋಥೆರಪಿಸ್ಟ್. ದಿನಾ ಕಾಪುವಿನಿಂದ ಬಸ್ಸಿನಲ್ಲಿ ಬರುವುದು, ಎಲುಬು ಮುರಿದು ಮಲಗಿದವರನ್ನು ಮಂಚದಿಂದ ಎಬ್ಬಿಸಿ ನಡೆಸುವುದು, ಅವರಿಂದ ಬೈಸಿಕೊಳ್ಳುವುದು, ಪುನಃ ಕಾಪುವಿಗೆ ಹೋಗುವುದು. ಹದಿನಾಲ್ಕು ವರ್ಷದಿಂದ ಇದೇ ಅವಳ ಉದ್ಯೋಗ. ಗದರಿಸಿದರೂ ಪುಸಲಾಯಿಸಿದರೂ ನಡೆಯದವರಿಗೆಂದು ಈ ವರ್ಷ ಹೊಸ ಉಪಾಯ ಬಂದಿತ್ತು. ಕೈಗೆ ಗಡಿಯಾರದಂಥ ಒಂದು ಪಟ್ಟಿ. ಅದು ಹೆಜ್ಜೆ ಎಣಿಸುತ್ತದೆ. ವಾರ್ಡಿನ ಗೋಡೆಯಲ್ಲಿ ದೊಡ್ಡ ಪರದೆ. ಅದರ ತುಂಬ ಮಣಿಪಾಲದಿಂದ ಹೊರಟ ದಾರಿಗಳು. ರೋಗಿ ತನಗೆ ಬೇಕಾದ ಊರನ್ನು ಆರಿಸಿಕೊಳ್ಳಬೇಕು. ಕಾರಿಡಾರಿನಲ್ಲಿ ಇಟ್ಟ ಒಂದು ಹೆಜ್ಜೆಗೆ ಪರದೆಯ ದಾರಿಯಲ್ಲಿ ಹತ್ತು ಹೆಜ್ಜೆ. ಒಂದೊಂದು ಊರು ತಲುಪಿದಾಗಲೂ ಜೊತೆಗಾರರ ಫೋನಿಗೆ ತನ್ನಷ್ಟಕ್ಕೆ ಒಂದು ಸಂದೇಶ ಹೋಗುತ್ತದೆ. ಅದನ್ನು ನೋಡಿ ಮನೆಯವರು ಫೋನು ಮಾಡಿ ನಾಲ್ಕು ಒಳ್ಳೆಯ ಮಾತು ಆಡಿದರೆ ರೋಗಿ ಮರುದಿನ ನಾಲ್ಕು ಹೆಜ್ಜೆ ಹೆಚ್ಚು ನಡೆಯುತ್ತಾನೆ. ಇಷ್ಟೇ ಅದರ ಗುಟ್ಟು.

ನಮ್ಮವರು ಎಂದು ಹೇಳಲು ಮನೋರಮಾಳಿಗೆ ಯಾರಿದ್ದರು? ಶಂಕರಪುರದಲ್ಲಿ ನೂರು ಗಿಡದ ಮಲ್ಲಿಗೆ ತೋಟ, ಅದರ ಬದಿಗೆ ಹೆಂಚಿನ ಸಣ್ಣ ಮನೆ. ವಯಸ್ಸು ಐವತ್ತೊಂಬತ್ತು. ಮದುವೆಯ ಮಾತು ಬಂದು ಬಂದು ನಿಂತುಹೋಗಿ ಯಾವ ಕಾಲವಾಯಿತೋ. ಬೆಳಗಾತ ಮೊಗ್ಗು ಕೊಯ್ಯುವಾಗ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಎಲುಬಿನ ಬುಡ ಮುರಿದಾಗ ಕೂಗಿಗೆ ಓಡಿ ಬಂದವಳು ಬೇಲಿಯಾಚೆಯ ಬರ್ತಾ ಬಾಯಿ. ಕಾರು ಮಾಡಿ ಆಸ್ಪತ್ರೆಗೆ ಸೇರಿಸಿದವಳೂ ಅವಳೇ. ನ್ಯಾಯವಾಗಿ ಬರ್ತಾ ಬಾಯಿಯ ನಂಬರನ್ನೇ ಕೊಡಬೇಕಿತ್ತು.

ಕೊಟ್ಟದ್ದು ಮಾತ್ರ ತಂಗಿಯ ನಂಬರು. ಹನ್ನೊಂದು ವರ್ಷದಿಂದ ಒಂದು ಸಲವೂ ಒತ್ತದ ಹತ್ತು ಅಂಕಿಗಳು ತಾವಾಗಿಯೇ ಬಾಯಿಗೆ ಬಂದುಬಿಟ್ಟವು. ಊರು ಯಾವುದೆಂದು ಕೇಳಿದ್ದಕ್ಕೂ "ಕಾರ್ಕಳ" ಎಂದಳು.

"ಅಬ್ಬ, ಅಷ್ಟು ದೂರವಾ!" ಸೌಮ್ಯಶ್ರೀಗೆ ನಗು. "ಎಲ್ಲರೂ ಉಡುಪಿ ಸಾಕು ಅಂತಾರೆ. ನಿಮಗೆ ಹಟ ಉಂಟು ಅಲ್ವಾ ಮನೋರಮಕ್ಕ?"

ಹಟವಲ್ಲ ಮಾರಾಯ್ತಿ ಎಂದು ಹೇಳಬೇಕೆನಿಸಿತು. ಹೇಳಿದರೆ ಮತ್ತೆ ಏನು ಎಂದು ಕೇಳುತ್ತಾಳೆ.

ತಂಗಿಗೆ ಹೋದ ಸಂದೇಶ ಹೀಗಿತ್ತು: 'ಮನೋರಮಾ ಅವರು ಕಾರ್ಕಳಕ್ಕೆ ನಡೆಯಲು ಆರಂಭಿಸಿದ್ದಾರೆ. ಅವರ ಜೊತೆಗಾರರಾಗಲು ಒಪ್ಪುವಿರಾದರೆ 1 ಎಂದು ಉತ್ತರಿಸಿ.' ಆಸ್ಪತ್ರೆಯ ಹೆಸರಿಲ್ಲ, ಕಾಯಿಲೆಯ ಸುದ್ದಿಯಿಲ್ಲ. ರೋಗಿಯ ಗುಟ್ಟು ಹೊರಗೆ ಹೋಗಬಾರದೆಂದು ಹಾಗೆ ಬರೆದಿದ್ದರಂತೆ. ಬರೆದವರಿಗೆ ಅದು ಸರಿಯೇ. ಓದುವವರ ಪಾಡು ಅವರಿಗೇನು ಗೊತ್ತು?

ಅರ್ಧ ಗಂಟೆಯಲ್ಲಿ ಸೌಮ್ಯಶ್ರೀ ಪುನಃ ಬಂದು, "ಒಂದು ಬಂತು!" ಎಂದಳು. "ನಿಮ್ಮ ತಂಗಿ ಒಪ್ಪಿದ್ರು."

ಮನೋರಮಾ ಗೋಡೆಯ ಕಡೆ ಮುಖ ತಿರುಗಿಸಿದಳು. ಹನ್ನೊಂದು ವರ್ಷದ ಮೇಲೆ ರತ್ನಾವತಿ ತನ್ನ ವಿಷಯದಲ್ಲಿ ಏನನ್ನೋ ಒಪ್ಪಿದ್ದಳು. ಅಳು ಉಕ್ಕಿ ಬಂತು. ಪಕ್ಕದ ಮಂಚದವಳು ನೋವಾ ಎಂದು ಕೇಳಿದಳು. ಹೌದು ಎಂದಳು.

ರತ್ನಾವತಿ ಅವಳಿಗಿಂತ ಐದು ವರ್ಷಕ್ಕೆ ಚಿಕ್ಕವಳು, ಕಾರ್ಕಳದಲ್ಲಿ ಅಂಗನವಾಡಿ ಟೀಚರ್. ಮಕ್ಕಳಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ಅವಳ ಫೋನು ಬಂದಿತ್ತು. "ಅಕ್ಕ, ಇವರಿಗೆ ತುಂಬ ಜೋರುಂಟು. ನಿನ್ನನ್ನು ಕೇಳ್ತಾ ಇದ್ದಾರೆ. ಇವತ್ತೇ ಬಾ." ಇವರು ಎಂದರೆ ಗಂಡ ಕರುಣಾಕರ, ಕಾಯಿಲೆ ಬಿದ್ದು ಮಲಗಿದ್ದವನು. ಅದು ಮದುವೆಗಳ ಕಾಲ. ಮಲ್ಲಿಗೆಗೆ ಜನ ಮುಗಿಬೀಳುವ ದಿನಗಳು. ಒಂದು ಅಟ್ಟೆ ಕಟ್ಟಿಕೊಡುತ್ತೇನೆಂದು ಮನೋರಮಾ ಮಾತು ಕೊಟ್ಟಿದ್ದಳು. ಅಟ್ಟೆ ಎಂದರೆ ಮೂರು ಸಾವಿರಕ್ಕೂ ಮಿಕ್ಕಿದ ಮೊಗ್ಗು, ಬಾಳೆನಾರಿನಲ್ಲಿ ಒಂದೊಂದಕ್ಕೂ ಗಂಟು. "ಕಟ್ಟಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬರ್ತೇನೆ," ಎಂದಳು.

ರತ್ನಾ ಆಗಷ್ಟೇ ಜೋಡುರಸ್ತೆಯ ಹತ್ತಿರ ಬಾಡಿಗೆ ಮನೆಗೆ ಬಂದಿದ್ದಳು. ಉಡುಪಿ ಕಡೆಯಿಂದ ಹೋದರೆ ಕಾರ್ಕಳ ಪೇಟೆಗಿಂತ ಸ್ವಲ್ಪ ಮುಂಚೆ ಸಿಗುವ ಜಾಗ ಅದು. ಅಕ್ಕನಿಗೆ ಮನೆ ಗೊತ್ತಿಲ್ಲವಲ್ಲ, ಹಾಗಾಗಿ ಬಸ್ಸಿನ ಹೊತ್ತಿಗೆಲ್ಲ ಬಸ್ ಸ್ಟಾಪಿಗೆ ಓಡಿ ಬಂದು ನೋಡುವುದು, ಪುನಃ ಗಂಡನ ಹತ್ತಿರ ಓಡುವುದು. ಇತ್ತ ಒಂದು ಅಟ್ಟೆ ಮುಗಿಯುವ ಹೊತ್ತಿಗೆ ಇನ್ನೊಬ್ಬರು ಬಂದು ಇನ್ನರ್ಧ ಕೇಳಿದರು. ಮನೋರಮಾ ಇಲ್ಲ ಎನ್ನಲಿಲ್ಲ. ನಾಲ್ಕೂವರೆಗೆ ರತ್ನಾ ಫೋನು ಮಾಡಿದಾಗ, "ಬಸ್ಸಿನಲ್ಲಿದ್ದೇನೆ, ಐದಕ್ಕೆ ಮುಟ್ತೇನೆ," ಎಂದಳು. ಅವಳು ಕೂತದ್ದು ಮನೆಯ ಜಗಲಿಯಲ್ಲಿ. ಕೈಯಲ್ಲಿ ನಾರಿತ್ತು.

ಅಕ್ಕನ ಆ ಮಾತು ನಂಬಿ ರತ್ನಾ ಜೋಡುರಸ್ತೆಯಲ್ಲಿ ಒಂದು ಗಂಟೆ ನಿಂತಳು. ಒಬ್ಬಳೇ ಮನೆಗೆ ಮರಳಿದಾಗ ಕರುಣಾಕರ ತೀರಿಹೋಗಿದ್ದ. ಹತ್ತಿರ ಯಾರೂ ಇರಲಿಲ್ಲ, ಒಂದು ತೊಟ್ಟು ನೀರು ಬಿಡುವವರೂ ಇರಲಿಲ್ಲ.

ಹೆಣವನ್ನು ಎಲ್ಲೂರಿನ ಅವನ ಕುಟುಂಬದ ಮನೆಗೆ ಒಯ್ದರು. ಅಲ್ಲಿ ಅಂಗಳದಲ್ಲಿ, ಹತ್ತು ಜನರ ಮುಂದೆ, ಅಕ್ಕನನ್ನು ನೋಡಿ ರತ್ನಾ ಆಡಿದ್ದು ಒಂದೇ ಮಾತು. "ನೀನು ಹೂ ಕಟ್ಟಿಕೊಂಡೇ ಇರು."

ಮನೋರಮಾ ಹೂ ಕಟ್ಟಿಕೊಂಡೇ ಇದ್ದಳು. ತಂಗಿಯ ಮನೆ ಕಾರ್ಕಳದಲ್ಲಿ ಎಲ್ಲುಂಟೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಈಗ ಲೆಕ್ಕ ನೋಡಿ. ಪರದೆಯ ದಾರಿಯಲ್ಲಿ ಪರ್ಕಳಕ್ಕೆ ಆರುನೂರು ಹೆಜ್ಜೆ, ಕಾರ್ಕಳಕ್ಕೆ ಐದು ಸಾವಿರ. ಆಸ್ಪತ್ರೆಯಲ್ಲಿರುವುದು ಇನ್ನು ಎರಡು ವಾರ. ಹೋಗುವಾಗ ಪಟ್ಟಿಯನ್ನು ಬಿಚ್ಚಿಕೊಡಬೇಕು. ಮೊದಲ ದಿನ ವಾಕರ್ ಹಿಡಿದು ಅವಳು ನಡೆದದ್ದು ಹದಿನೇಳು ಹೆಜ್ಜೆ. ಎರಡನೆಯ ದಿನ ಇಪ್ಪತ್ತೆರಡು. ಒಂದೊಂದು ಹೆಜ್ಜೆಗೂ ಜೀವ ಬಾಯಿಗೆ ಬರುತ್ತಿತ್ತು. ಪರದೆಯಲ್ಲಿ ಅವಳ ಹೆಸರಿನ ಹಸಿರು ಚುಕ್ಕಿ ಮಣಿಪಾಲದಿಂದ ಅಲ್ಲಾಡಿರಲೇ ಇಲ್ಲ. ಹೀಗೆ ನಡೆದರೆ ಕಾರ್ಕಳ ಮುಟ್ಟುವುದು ಯಾವ ಜನ್ಮದಲ್ಲಿ? ಅಷ್ಟರಲ್ಲಿ ಒಪ್ಪಿದವಳ ಮನಸ್ಸು ತಿರುಗಿದರೆ?

ಸಂಜೆ ನಾಲ್ಕಕ್ಕೆ ನೋಡಲು ಬರುವವರ ಹೊತ್ತು. ವಾರ್ಡಿನ ಎಲ್ಲ ಮಂಚಗಳ ಸುತ್ತ ಜನ, ಗಂಜಿಯ ಫ್ಲಾಸ್ಕು, ಮಾತು, ನಗು. ಮನೋರಮಾಳ ಮಂಚದ ಪಕ್ಕದ ಕುರ್ಚಿಯನ್ನು ಬೇರೆ ಮಂಚದವರು ಬಂದು, "ಇದು ಬೇಕಾ ನಿಮಗೆ?" ಎಂದು ಕೇಳಿ ಎತ್ತಿಕೊಂಡು ಹೋಗುತ್ತಿದ್ದರು. ಅವಳು ದಿನಾ ಬೇಡ ಎನ್ನುತ್ತಿದ್ದಳು. ಆ ಒಂದು ಗಂಟೆ ಅವಳಿಗೆ ಕಾಲಿನ ನೋವಿಗಿಂತ ಕಷ್ಟ.

ಮೂರನೆಯ ದಿನ ಬರ್ತಾ ಬಾಯಿ ಬಂದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಗ್ಗು, ಒಂದು ಕಟ್ಟು ಬಾಳೆನಾರು. "ತೋಟದ್ದು ನಾನು ನೋಡಿಕೊಳ್ತೇನೆ, ಚಿಂತೆ ಬೇಡ. ಇದು ನಿಮಗೆ. ಕೈ ಸುಮ್ಮನೆ ಕೂತರೆ ನಿಮಗೆ ಹುಚ್ಚು ಹಿಡೀತದೆ ಅಂತ ನನಗೆ ಗೊತ್ತುಂಟು." ಹತ್ತು ನಿಮಿಷ ಕೂತು, ಮನೆಯಲ್ಲಿ ದನ ಕಾಯುತ್ತದೆಂದು ಹೊರಟುಹೋದಳು.

ಮನೋರಮಾ ಹಾಸಿಗೆಯಲ್ಲಿ ಕೂತು ಕಟ್ಟಿದಳು. ಬೆರಳಿಗೆ ಜೀವ ಬಂದ ಹಾಗಾಯಿತು. ಶಂಕರಪುರದ ಹೆಂಗಸರ ಕೈ ನೋಡಿದವರಿಗೆ ಗೊತ್ತು. ಮೊಗ್ಗು ಇಡುವುದು, ನಾರು ಸುತ್ತುವುದು, ಮಣಿಕಟ್ಟನ್ನು ಒಂದು ಸಲ ಝಾಡಿಸಿ ಬಿಗಿಯುವುದು, ಕಣ್ಣು ಬೇರೆಲ್ಲೋ ಇರುತ್ತದೆ. ಕಟ್ಟಿ ಮುಗಿಸಿ ನರ್ಸುಗಳಿಗೆಲ್ಲ ಒಂದೊಂದು ತುಂಡು ಮುಡಿಯಲು ಕೊಟ್ಟಳು. ವಾರ್ಡಿಗೆ ಒಂದು ಗಳಿಗೆ ಮದುವೆಮನೆಯ ವಾಸನೆ ಬಂತು.

ಸಂಜೆ ಪರದೆಯ ಕಡೆ ನೋಡುತ್ತಾಳೆ, ಹಸಿರು ಚುಕ್ಕಿ ಪರ್ಕಳದಲ್ಲಿ!

ಯಂತ್ರ ಕೆಟ್ಟಿತೆಂದು ಮೊದಲು ಎಣಿಸಿದಳು. ಆಮೇಲೆ ಉಳಿದಿದ್ದ ನಾಲ್ಕು ಮೊಗ್ಗನ್ನು ಮೆಲ್ಲಗೆ ಕಟ್ಟುತ್ತಾ ಕೈಯ ಪಟ್ಟಿಯನ್ನೇ ನೋಡಿದಳು. ಗಂಟು ಬಿಗಿದಾಗ ಒಂದು ಅಂಕಿ ಏರಿತು. ಇನ್ನೊಂದು ಗಂಟು, ಇನ್ನೊಂದು ಅಂಕಿ. ಕೈ ಝಾಡಿಸುವುದನ್ನೇ ಆ ಪೆದ್ದು ಯಂತ್ರ ಹೆಜ್ಜೆ ಎಂದು ತಿಳಿಯುತ್ತಿತ್ತು. ಹೂ ಕಟ್ಟುವ ಹೆಂಗಸೊಬ್ಬಳು ತನ್ನನ್ನು ಕೈಗೆ ಕಟ್ಟಿಕೊಳ್ಳುತ್ತಾಳೆಂದು ಅದಕ್ಕೆ ಯಾರು ಹೇಳಿದ್ದರು?

ಸೌಮ್ಯಶ್ರೀಯನ್ನು ಕರೆದು ಹೇಳಬೇಕಿತ್ತು. ಕರೆಯಲು ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಪರದೆಯ ಅಡಿಯಲ್ಲಿ ಸಣ್ಣ ಅಕ್ಷರ ಕಂಡಿತು: 'ಜೊತೆಗಾರರು ಸಂದೇಶ ನೋಡಿದ್ದಾರೆ.' ರತ್ನಾ ನೋಡಿದ್ದಾಳೆ! ಕೈಯಲ್ಲಿ ಫೋನು ಹಿಡಿದು, ಅಕ್ಕ ಪರ್ಕಳ ಮುಟ್ಟಿದಳೆಂದು ಓದಿದ್ದಾಳೆ. ಮನೋರಮಾ ತೆರೆದ ಬಾಯಿ ಮುಚ್ಚಿದಳು.

ಅಲ್ಲಿಂದ ಮುಂದೆ ಅವಳು ನಡೆದದ್ದೆಲ್ಲ ಕೈಯಲ್ಲೇ. ಬೆಳಗ್ಗೆ ಸೌಮ್ಯಶ್ರೀ ನಡೆಸಲು ಬಂದರೆ, "ಈಗಷ್ಟೇ ಎರಡು ಸುತ್ತು ಹೋಗಿ ಬಂದೆ, ಸುಸ್ತಾಯ್ತು," ಎನ್ನುವುದು. ಪಟ್ಟಿಯ ಅಂಕಿ ನೋಡಿ ಅವಳು ನಂಬುವುದು. ನಂಬದೆ ಏನು ಮಾಡುತ್ತಾಳೆ, ಯಂತ್ರವೇ ಹೇಳುತ್ತಿದೆಯಲ್ಲ. ಬೇರೆ ರೋಗಿಗಳಿಗೆ ತೋರಿಸಿ ತೋರಿಸಿ, "ಮನೋರಮಕ್ಕನನ್ನು ನೋಡಿ ಕಲೀರಿ ಮಾರಾಯ್ರೆ," ಎಂದು ಹೇಳುವಾಗ ಮನೋರಮಾ ಪಟ್ಟಿಯ ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಪುನಃ ಕೈಗೆ ನಾರು, ಬರ್ತಾ ಬಾಯಿ ಯಾರದೋ ಕೈಯಲ್ಲಿ ಕಳಿಸಿದ ಮೊಗ್ಗು.

ಹಿರಿಯಡ್ಕ ಬಂತು. ನೋಡಿದ್ದಾರೆ. ಅಷ್ಟರಲ್ಲಿ ಪಕ್ಕದ ಮಂಚದವಳಿಗೆ ಹೂವಿನ ವಾಸನೆಗೆ ಸೀನು ಹಿಡಿದು, ವಾರ್ಡಿಗೆ ಹೂ ತರಬಾರದೆಂದು ಹೆಡ್ ನರ್ಸ್ ಬರ್ತಾ ಬಾಯಿಗೆ ಹೇಳಿ ಕಳಿಸಿದಳು. ಮೊಗ್ಗು ನಿಂತಿತು. ನಾರು ಇತ್ತಲ್ಲ. ಮನೋರಮಾ ಹೊದಿಕೆಯ ಅಡಿಯಲ್ಲಿ ಕೈ ಇಟ್ಟುಕೊಂಡು ಬರಿಯ ನಾರನ್ನೇ ಕಟ್ಟಿದಳು. ಗಂಟಿನ ಮೇಲೆ ಗಂಟು, ಮೊಳದ ಮೇಲೆ ಮೊಳ, ಒಂದು ಹೂವೂ ಇಲ್ಲದ ಮಾಲೆ. ನೋಡಿದವರು ಏನೆಂದಾರು? ತಲೆ ಕೆಟ್ಟಿದೆ ಎಂದಾರು. ಕೆಟ್ಟೇ ಇತ್ತು ಅವಳ ತಲೆ. ಅದರೊಳಗೆ ಇದ್ದದ್ದು ಒಂದೇ, ಕಾರ್ಕಳ ತಲುಪಿದಾಗ ರತ್ನಾ ಏನಾದರೂ ಉತ್ತರ ಕಳಿಸುತ್ತಾಳೆ. ಒಂದು ಅಕ್ಷರವಾದರೂ ಸಾಕು.

ಒಂದು ಸಂಜೆ ಬೈಲೂರು. ನೋಡಿದ್ದಾರೆ. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಪಟ್ಟಿ ಕಿರ್ ಎಂದು ನಡುಗಿತು. ಪರದೆಯಲ್ಲಿ ಬಣ್ಣದ ಕಾಗದದ ಚೂರು ಉದುರಿದವು: 'ಮನೋರಮಾ ಅವರು ಕಾರ್ಕಳ ತಲುಪಿದ್ದಾರೆ.' ಇಡೀ ವಾರ್ಡು ಚಪ್ಪಾಳೆ ತಟ್ಟಿತು. ಮನೋರಮಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎರಡಾಯಿತು, ಮೂರಾಯಿತು. ನಾಲ್ಕಕ್ಕೆ ಜನ ಬಂದರು, ಕುರ್ಚಿ ಹೋಯಿತು. ಫೋನು ಬಂದದ್ದು ಐದಕ್ಕೆ. 'ರತ್ನಾ' ಎಂದು ಹೆಸರು ಮೂಡಿದಾಗ ಅವಳು ಫೋನನ್ನು ಎಷ್ಟು ಗಡಿಬಿಡಿಯಲ್ಲಿ ಎತ್ತಿದಳೆಂದರೆ ಪಟ್ಟಿ ಇನ್ನೂ ಎರಡು ಹೆಜ್ಜೆ ಎಣಿಸಿತು.

"ಅಕ್ಕ, ಎಲ್ಲಿದ್ದೀ?"

ಸ್ವರ ಹಾಗೆಯೇ ಇತ್ತು. ಹಿಂದಿನಿಂದ ಬಸ್ಸಿನ ಹಾರ್ನು ಕೇಳುತ್ತಿತ್ತು.

"ನಾನು ಜೋಡುರಸ್ತೆಯಲ್ಲೇ ಇದ್ದೇನೆ. ಅಂಗನವಾಡಿಗೆ ರಜೆ ಹಾಕಿ ಬೆಳಗ್ಗೆ ಎಂಟು ಗಂಟೆಗೇ ಬಂದು ನಿಂತಿದ್ದೇನೆ. ನೀನು ಮುಟ್ಟಿದ್ದೀ ಅಂತ ಮಧ್ಯಾಹ್ನವೇ ಮೆಸೇಜು ಬಂತು. ಪೇಟೆವರೆಗೂ ಹೋಗಿ ನೋಡಿದೆ, ಎಲ್ಲಿಯೂ ಇಲ್ಲ. ಈ ಬಿಸಿಲಿಗೆ ಎಲ್ಲಿಯಾದರೂ ಬಿದ್ದಿದ್ದಿಯಾ ಅಂತ ನನಗೆ ಜೀವವೇ ಹಾರಿಹೋಯ್ತು."

"ಎಂತ ಹೇಳ್ತೀ ರತ್ನಾ?"

"ನಡ್ಕೊಂಡು ಬರ್ತಾ ಇದ್ದೀ ಅಲ್ವಾ? ಪರ್ಕಳ, ಹಿರಿಯಡ್ಕ, ನಿನ್ನೆ ಸಂಜೆ ಬೈಲೂರು. ಶಂಕರಪುರದಿಂದ ನೇರ ಶಿರ್ವದ ದಾರಿ ಬಿಟ್ಟು ಈ ಸುತ್ತು ದಾರಿ ಯಾಕೆ ಅಂತ ಎಣಿಸಿದೆ. ಅಂಬಲಪಾಡಿ ದೇವಸ್ಥಾನಕ್ಕೆ ಹೋಗಿ ಹರಕೆ ಹೇಳಿ ಹೊರಟಿರಬೇಕು, ನಡೆದುಕೊಂಡೇ ತಂಗಿಯ ಮನೆಗೆ ಹೋಗ್ತೇನೆ ಅಂತ. ಫೋನು ಮಾಡುವ ಅಂತ ಎಷ್ಟು ಸಲ ಕೈಗೆ ತಗೊಂಡೆ. ಕಾಲಲ್ಲಿ ಬರುವವಳ ಹತ್ತಿರ ಬಾಯಲ್ಲಿ ಎಂತ ಕೇಳುದು ಅಂತ ಇಟ್ಟೆ." ಆಮೇಲೆ ಹೇಳಿದಳು, "ನಿನಗೆ ಕಾಲು ತೊಳೀಲಿಕ್ಕೆ ಬಿಸಿನೀರು ಕಾಯಿಸಿಟ್ಟು ಬಂದಿದ್ದೆ. ಈಗ ತಣ್ಣಗಾಗಿರ್ತದೆ."

ಮನೋರಮಾಳಿಗೆ ಎಲ್ಲ ಒಟ್ಟಿಗೇ ತಿಳಿಯಿತು. ಅಯ್ಯೋ ದೇವರೇ. ತಂಗಿ ಒಪ್ಪಿದ್ದು ಯಾವುದನ್ನು, ಕಾದದ್ದು ಯಾರನ್ನು! ಅದೇ ಜೋಡುರಸ್ತೆ, ಅದೇ ಬಸ್ ಸ್ಟಾಪು, ಅದೇ ಐದು ಗಂಟೆ. ನಿಂತವಳು ಅವಳೇ, ಬರದವಳು ತಾನೇ.

ಒಂದು ಸುಳ್ಳು ತಯಾರಾಗಿ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬೈಲೂರು ದಾಟಿದ ಮೇಲೆ ತಲೆತಿರುಗಿ ಬಿದ್ದೆ ರತ್ನಾ, ಎಲುಬು ಮುರಿಯಿತು, ಯಾರೋ ಪುಣ್ಯಾತ್ಮರು ಮಣಿಪಾಲಕ್ಕೆ ತಂದು ಸೇರಿಸಿದರು. ಇಷ್ಟು ಹೇಳಿದರೆ ಸಾಕು. ಮುಂದಿನ ಬಸ್ಸಿಗೇ ರತ್ನಾ ಇಲ್ಲಿರುತ್ತಾಳೆ, ಆ ಕುರ್ಚಿಯನ್ನು ಎಳೆದುಕೊಂಡು ಕೂತು ಅಳುತ್ತಾಳೆ, ಮುಡಿ ಬಾಚುತ್ತಾಳೆ, ಗಂಜಿ ಕುಡಿಸುತ್ತಾಳೆ. ಮುರಿದ ಎಲುಬು ಹೇಗೂ ಉಂಟು, ಯಾರಿಗೂ ಸಂಶಯ ಬಾರದು. ಬೇಕೆನಿಸಿತು ಮನೋರಮಾಳಿಗೆ. ಬದುಕಿನಲ್ಲಿ ಇಷ್ಟು ಯಾವುದೂ ಬೇಕೆನಿಸಿರಲಿಲ್ಲ.

ಹೊದಿಕೆಯ ಅಡಿಯಲ್ಲಿ ಎಡಗೈ ಇನ್ನೂ ನಾರನ್ನು ಹಿಡಿದುಕೊಂಡೇ ಇತ್ತು.

"ನಾನು ಹೊರಡಲೇ ಇಲ್ಲ ರತ್ನಾ," ಎಂದಳು. "ಮಣಿಪಾಲದ ಆಸ್ಪತ್ರೆಯಲ್ಲಿದ್ದೇನೆ. ಕಾಲು ಮುರಿದು ಆಪರೇಶನ್ ಆಗಿದೆ. ಇಲ್ಲಿ ನಡೆದ ಹೆಜ್ಜೆಯ ಲೆಕ್ಕದಲ್ಲಿ ಯಂತ್ರ ಆ ಮೆಸೇಜು ಕಳಿಸುದು. ನಾನು ಅದನ್ನೂ ನಡೀಲಿಲ್ಲ. ಮಂಚದಲ್ಲಿ ಕೂತು ಹೂ ಕಟ್ಟಿದೆ. ಯಂತ್ರ ಅದನ್ನೇ ಹೆಜ್ಜೆ ಅಂತ ಎಣಿಸಿತು. ಗೊತ್ತಿದ್ದೂ ಕಟ್ಟಿದೆ."

ಅತ್ತ ಒಂದು ಬಸ್ಸು ಬಂದು ನಿಂತಿತು, ಹೊರಟಿತು.

"ಹೂ ಕಟ್ತಾ ಇದ್ದಿಯಾ?" ಎಂದಳು ರತ್ನಾ.

"ಹೂವೂ ಇಲ್ಲ. ಬರೀ ನಾರು."

ಫೋನು ಕಟ್ಟಾಯಿತು.

ಮರುದಿನ ಬೆಳಗ್ಗೆ ಸೌಮ್ಯಶ್ರೀಗೂ ಹೇಳಿದಳು. ಸೌಮ್ಯಶ್ರೀ ಕೆಂಪಗಾದಳು. "ನಾಲ್ಕು ದಿನ ನಡೀಲಿಲ್ಲವಾ ನೀವು? ಎಂತ ಮಾಡಿಕೊಂಡಿರಿ ಗೊತ್ತುಂಟಾ? ಸ್ನಾಯು ಬಿಗಿದು ಹೋಗ್ತದೆ ಮನೋರಮಕ್ಕ, ಆಮೇಲೆ ಜನ್ಮವಿಡೀ ಕುಂಟುದೇ!" ಬೈದು ಬೈದು ಸುಸ್ತಾಗಿ ಕೊನೆಗೆ ಮಂಚದ ತುದಿಗೆ ಕೂತು, "ಕೈಗೆ ಕಟ್ಟಿದ್ದೇ ನನ್ನ ತಪ್ಪು," ಎಂದಳು. ಪಟ್ಟಿಯನ್ನು ಬಿಚ್ಚಿ ಕಾಲಿನ ಹರಡಿಗೆ ಗೆಜ್ಜೆಯ ಹಾಗೆ ಕಟ್ಟಿದಳು. ಚುಕ್ಕಿಯನ್ನು ಪುನಃ ಮಣಿಪಾಲಕ್ಕೆ ತಂದಿಟ್ಟಳು.

ಹೊಸ ದಾರಿಗೆ ಹೊಸ ಸಂದೇಶ ಹೋಗಬೇಕು. ಹೋಯಿತು. ಒಂದು ಎಂಬ ಉತ್ತರ ಬರಲಿಲ್ಲ. ಆ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ.

"ಬೇಕಾದರೆ ನನ್ನ ನಂಬರ್ ಹಾಕ್ತೇನೆ ಮನೋರಮಕ್ಕ," ಎಂದಳು ಸೌಮ್ಯಶ್ರೀ.

"ಬೇಡ. ಆ ಜಾಗ ಖಾಲಿ ಇರಲಿ."

ಖಾಲಿಯೇ ಇತ್ತು. ಮನೋರಮಾ ನಡೆದಳು. ಕಾರಿಡಾರಿನ ಈ ತುದಿಯಿಂದ ಆ ತುದಿಯ ಕಿಟಕಿಯವರೆಗೆ ನಲವತ್ತೊಂದು ಹೆಜ್ಜೆ. ಬಿಗಿದು ಹೋಗಿದ್ದ ಕಾಲು ಮುಂದಿಡುವಾಗ ಕಣ್ಣಲ್ಲಿ ನೀರು ತುಂಬುತ್ತಿತ್ತು. ಒಂದು ದಿನ ಅರುವತ್ತು, ಒಂದು ದಿನ ಎಂಬತ್ತು. ಕಾಲು ಬಾತ ಒಂದು ದಿನ ಸೊನ್ನೆ. ಆಸ್ಪತ್ರೆ ಬಿಡುವ ದಿನ ಬೆಳಗ್ಗೆ ಅವಳು ಪರ್ಕಳ ಮುಟ್ಟಿದಳು, ಈ ಸಲ ನಿಜವಾಗಿ. ಜೊತೆಗಾರರಿಲ್ಲದ್ದರಿಂದ ಸಂದೇಶ ಯಾರಿಗೂ ಹೋಗಲಿಲ್ಲ. ಸೌಮ್ಯಶ್ರೀ ಪಟ್ಟಿ ಬಿಚ್ಚಿಕೊಂಡಳು. ಬರ್ತಾ ಬಾಯಿ ಕಾರು ತಂದಿದ್ದಳು.

ಆರು ವಾರ ಕಳೆದು ಕಾಲು ತೋರಿಸಲು ಪುನಃ ಮಣಿಪಾಲಕ್ಕೆ ಬರಬೇಕಿತ್ತು. ಅಷ್ಟು ದಿನ ಅವಳು ಮಲ್ಲಿಗೆಯ ಸಾಲುಗಳ ನಡುವೆ ವಾಕರ್ ಊರಿಕೊಂಡು ಬೆಳಗ್ಗೆ ಸಂಜೆ ನಡೆದಳು. ಎಣಿಸಲು ಯಾವ ಯಂತ್ರವೂ ಇರಲಿಲ್ಲ, ಅವಳೂ ಎಣಿಸಲಿಲ್ಲ. ಡಾಕ್ಟರರು ಎಕ್ಸ್‌ರೇ ನೋಡಿ, ಅಡ್ಡಿಲ್ಲ, ನಡೆಯುವುದನ್ನು ಬಿಡಬೇಡಿ ಎಂದರು. ಹೊರಗೆ ಬಂದವಳು ಬರ್ತಾ ಬಾಯಿಗೆ, "ನೀವು ಹೋಗಿ, ನನಗೊಂದು ಕೆಲಸ ಉಂಟು," ಎಂದಳು.

"ಈ ಕಾಲಲ್ಲಿ ಎಂಥ ಕೆಲಸ ನಿಮಗೆ?"

"ಕಾಲಿನದ್ದೇ ಕೆಲಸ," ಎಂದು ಮನೋರಮಾ ಕಾರ್ಕಳದ ಬಸ್ಸು ಹತ್ತಿದಳು. ವಾಕರನ್ನು ಕಂಡಕ್ಟರ್ ಎತ್ತಿಕೊಟ್ಟ.

ಪರ್ಕಳ, ಹಿರಿಯಡ್ಕ, ಬೈಲೂರು. ಪರದೆಯಲ್ಲಿ ಬೆರಳಗಲ ಇದ್ದ ದಾರಿ ನಿಜದಲ್ಲಿ ಎಷ್ಟು ಉದ್ದ! ಇಷ್ಟು ದೂರ ಅಕ್ಕ ನಡೆದು ಬರುತ್ತಾಳೆಂದು ರತ್ನಾ ನಂಬಿದ್ದಳಲ್ಲ ಎಂದು ಎಣಿಸಿ ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಹನ್ನೆರಡು ಗಂಟೆಗೆ ಜೋಡುರಸ್ತೆಯಲ್ಲಿ ಇಳಿದಳು. ಮನೆ ಗೊತ್ತಿಲ್ಲ. ಫೋನು ತೆಗೆದು ಒಂದೊಂದೇ ಅಕ್ಷರ ಹುಡುಕಿ ತಾನೇ ಬರೆದಳು: 'ಮನೋರಮಾ ಅವರು ಕಾರ್ಕಳ ತಲುಪಿದ್ದಾರೆ.' ಕಳಿಸಿದಳು.

ಉತ್ತರ ಬರಲಿಲ್ಲ. ಬರಬೇಕೆಂದು ಇಲ್ಲವಲ್ಲ. ಎರಡು ಸಲ ಸುಳ್ಳಾದ ಮಾತು, ಮೂರನೆಯ ಸಲ ಯಾರು ನಂಬುತ್ತಾರೆ? ಮನೋರಮಾ ಬಸ್ ಸ್ಟಾಪಿನಲ್ಲಿ ನಿಂತಳು. ಕಾಲು ಸೋತಾಗ ಕಲ್ಲುಬೆಂಚಿನಲ್ಲಿ ಸ್ವಲ್ಪ ಕೂತಳು, ಪುನಃ ಎದ್ದು ನಿಂತಳು. ಬಸ್ಸುಗಳು ಬಂದವು, ಇಳಿದವರನ್ನು ಕರೆದುಕೊಂಡು ಹೋಗಲು ಯಾರ್‍ಯಾರೋ ಬಂದರು. ಕೂತಾಗ ಮಡಿಲಲ್ಲಿ ಕೈಗಳು ಖಾಲಿ ಬಿದ್ದಿದ್ದವು, ಮೊಗ್ಗೂ ಇಲ್ಲ, ನಾರೂ ಇಲ್ಲ. ಆಟೋದವನೊಬ್ಬ ಎಲ್ಲಿಗೆ ಹೋಗಬೇಕಮ್ಮ ಎಂದು ಮೂರು ಸಲ ಕೇಳಿ ಬಿಟ್ಟ. ಐದರವರೆಗೆ ನಿಲ್ಲುವುದು ಎಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿದ್ದಳು. ತಂಗಿ ಬರಲಿ ಬಿಡಲಿ, ಅವಳು ಕಾದ ಹಾಗೆ ತಾನೂ ಇಲ್ಲಿ ನಿಂತು ಹೋಗಬೇಕು.

ಐದಾಯಿತು. ಉಡುಪಿಯ ಬಸ್ಸಿಗೆ ಕೈ ತೋರಿಸಲು ರಸ್ತೆ ದಾಟಬೇಕಿತ್ತು. ವಾಕರ್ ಎತ್ತಿ ಊರಿದಾಗ ಹಿಂದಿನಿಂದ ಯಾರೋ ಹೇಳಿದರು.

"ಹೊರಟದ್ದಾ?"

ರತ್ನಾ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಅಂಗನವಾಡಿಯ ಚೀಲ.

"ಎರಡು ಗಂಟೆಯಿಂದ ಆ ಮೆಡಿಕಲ್ ಅಂಗಡಿಯ ಹತ್ತಿರ ನಿಂತು ನೋಡ್ತಾ ಇದ್ದೇನೆ," ಎಂದಳು. ಮುಖ ನೋಡಲಿಲ್ಲ, ವಾಕರನ್ನು ನೋಡಿದಳು. "ಯಾವಾಗ ಎದ್ದು ಹೋಗ್ತೀ ಅಂತ."

ಮನೋರಮಾಳಿಗೆ ತಪ್ಪಾಯಿತು ಎನ್ನಲು ಹನ್ನೊಂದು ವರ್ಷ ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. "ಮನೆ ದೂರವಾ ರತ್ನಾ?" ಎಂದು ಕೇಳಿದಳು.

"ನನಗೆ ನಾನ್ನೂರು ಹೆಜ್ಜೆ. ನಿನಗೆ ಎಷ್ಟೋ ಗೊತ್ತಿಲ್ಲ." ರತ್ನಾ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಅಕ್ಕನ ಕೈ ಹಿಡಿಯಲಿಲ್ಲ. ಪಕ್ಕಕ್ಕೆ ಬಂದು ನಿಂತು, ಅವಳ ಕಾಲಿನ ಮೇಲೆ ಕಣ್ಣಿಟ್ಟಳು. "ನಡಿ. ನಾನೇ ಎಣಿಸ್ತೇನೆ."

ಮನೋರಮಾ ವಾಕರ್ ಮುಂದಿಟ್ಟು ಹೆಜ್ಜೆ ಹಾಕಿದಳು.

"ಒಂದು," ಎಂದಳು ರತ್ನಾ, ಅಂಗನವಾಡಿಯ ಮಕ್ಕಳಿಗೆ ಹೇಳುವ ಸ್ವರದಲ್ಲಿ. "ಎರಡು. ಮೂರು."

ನಾಲ್ಕನೆಯದಕ್ಕೆ ಸೋತ ಕಾಲು ಮಣ್ಣಿನಲ್ಲಿ ಜರ್ರೆಂದು ಎಳೆದುಕೊಂಡು ಬಂತು.

"ಅದು ಲೆಕ್ಕಕ್ಕಿಲ್ಲ," ಎಂದಳು ರತ್ನಾ. ಸ್ವರ ಒಡೆದಿತ್ತು. "ಪುನಃ ಇಡು."

ಮನೋರಮಾ ಪುನಃ ಇಟ್ಟಳು.